ಬರಿಗಾಲಿನ ಅಳತೆ

ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದವರಿಗೆ ‘ಕಾಲು ಮಾಡುತ್ತಿದ್ದೆ’ ಎಂದರೆ ಮೊದಲು ನಗುತ್ತಾರೆ. ಆಮೇಲೆ ಅರ್ಥವಾಗಿ ಮುಖ ಸಣ್ಣದು ಮಾಡಿಕೊಂಡು ತಮ್ಮ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಾರೆ. ಮೂವತ್ತು ವರ್ಷ ಕಲ್ಯಾಣದ ಒಂದು ಧರ್ಮಾರ್ಥ ಆಸ್ಪತ್ರೆಯ ಹಿಂಭಾಗದ ವರ್ಕ್‌ಶಾಪಿನಲ್ಲಿ ಕೃತಕ ಕಾಲು ಮಾಡಿದವನು ನಾನು. ಈ ಎಳೆದುಕೊಳ್ಳುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಈಗ ಬರೆಯಲು ಕೂತಿರುವುದಕ್ಕೆ ಕಾರಣ ಒಬ್ಬಳು ಹುಡುಗಿ. ವರ್ಕ್‌ಶಾಪಿಗೆ ಹೊಸದಾಗಿ ಸೇರಿದವಳು, ಡೊಂಬಿವಲಿಯವಳು, ನಮ್ಮ ಕಡೆಯವಳೇ. ಮೂರೇ ವಾರಕ್ಕೆ ಕೆಲಸ ಬಿಡುತ್ತೇನೆ ಎಂದಿದ್ದಾಳಂತೆ. ಇಲ್ಲಿಗೆ ಬರುವವರ ಮುಖದಲ್ಲೆಲ್ಲ ಇನ್ನು ಮುಂದೆ ಏನೂ ಇಲ್ಲ ಎಂದು ಬರೆದಿರುತ್ತದೆ, ದಿನವಿಡೀ ಅದನ್ನೇ ಓದುತ್ತಿದ್ದರೆ ತನಗೂ ಮುಂದಿನದು ಕಾಣುವುದಿಲ್ಲ ಎಂದಳಂತೆ. ನೀವು ಬಂದು ನಾಲ್ಕು ಮಾತು ಹೇಳಿ ಎಂದು ಅಲ್ಲಿಯವರು ಫೋನ್ ಮಾಡಿದರು. ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ, ಬರೆದು ಕೊಡುತ್ತೇನೆ ಎಂದೆ. ಅವಳಿಗೆ ಕನ್ನಡ ಮಾತು ತಿಳಿಯುತ್ತದೆ, ಓದಲು ಬಾರದು. ತಾಯಿ ಓದಿ ಹೇಳುತ್ತಾರಂತೆ. ಹಾಗಾದರೆ ಅಮ್ಮಾ, ನಿಧಾನವಾಗಿ ಓದಿ. ನನ್ನದು ದೊಡ್ಡ ವಾಕ್ಯಗಳು.

ಊರು ಕಾರ್ಕಳದ ಹತ್ತಿರ. ತಂದೆ ಮರದ ಕೆಲಸದ ಆಚಾರ್ಯರು, ಬಾಗಿಲು, ಮಣೆ, ತೊಟ್ಟಿಲು ಮಾಡುತ್ತಿದ್ದರು. ನಾನು ಮುಂಬಯಿಗೆ ಬಂದದ್ದು ಫರ್ನಿಚರ್ ಕೆಲಸಕ್ಕೆ. ಆಸ್ಪತ್ರೆಯ ಕಪಾಟು ರಿಪೇರಿಗೆ ಹೋದವನನ್ನು ಅಲ್ಲಿನವರು ಕೈಬಿಡಲಿಲ್ಲ. ಆಗ ಕಾಲುಗಳನ್ನು ಮರದಲ್ಲೇ ಕೆತ್ತುತ್ತಿದ್ದರು. ಒಳಗೆ ಟೊಳ್ಳು ಮಾಡಿ, ರೋಗಿಯ ಉಳಿದ ಕಾಲು ಅದರೊಳಗೆ ಕೂರುವಂತೆ ಅರದಿಂದ ಉಜ್ಜುತ್ತಾ ಕೂರಬೇಕು. ಆ ಟೊಳ್ಳು ಬಟ್ಟಲಿಗೆ ನಾವು ಸಾಕೆಟ್ ಎನ್ನುತ್ತೇವೆ. ಆಮೇಲೆ ಪ್ಲಾಸ್ಟರಿನ ಅಚ್ಚು ಬಂತು, ರಾಳ ಬಂತು, ಒಲೆಯಲ್ಲಿ ಕಾಸಿ ಎಳೆಯುವ ಪ್ಲಾಸ್ಟಿಕ್ ಹಾಳೆ ಬಂತು, ನಾನು ಹೊರಡುವ ಹೊತ್ತಿಗೆ ಕಾಲನ್ನು ಫೋಟೋ ಹಿಡಿದು ಅಳೆಯುವ ಯಂತ್ರವೂ ಬಂತು. ಯಂತ್ರ ಒಳ್ಳೆಯದೇ. ನನ್ನ ಅಂಗೈಗಿಂತ ಸರಿಯಾಗಿ ಅಳೆಯುತ್ತದೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಎರಡು ಸಿಕ್ಕಿದವು, ಎರಡು ಸಲವೂ ಕುರ್ಚಿ ಬದಲಾಯಿತು, ಅಷ್ಟೆ.

ಒಂದು ವಿದ್ಯೆ ಮಾತ್ರ ಯಾರೂ ಕಲಿಸದೆ ಬಂತು. ರಿಪೇರಿಗೆ ಬಂದ ಕಾಲನ್ನು ತಿರುಗಿಸಿ ಅಡಿ ನೋಡುವುದು. ಹಿಮ್ಮಡಿ ಸವೆದಿದ್ದರೆ ಮನುಷ್ಯ ದೂರ ನಡೆಯುತ್ತಾನೆ. ಹೊರಬದಿ ಸವೆದಿದ್ದರೆ ಸಾಕೆಟ್ ನೋಯುತ್ತಿದೆ, ಹೇಳಲು ನಾಚಿಕೆ. ಎಲ್ಲೂ ಸವೆಯದಿದ್ದರೆ ಕಾಲು ಮಂಚದ ಕೆಳಗಿದೆ ಎಂದೇ ಅರ್ಥ. ಬಾಯಿ ಸುಳ್ಳು ಹೇಳಬಹುದು, ಅಡಿ ಹೇಳುವುದಿಲ್ಲ.

ನಮ್ಮ ಮೇಲಿನವರು ಸಾಠೆ ಮೇಡಮ್. ತೆಳ್ಳಗೆ, ಬೆಳ್ಳಗೆ, ನೆಟ್ಟಗೆ, ಬಿಳಿ ಕೋಟಿನ ಗುಂಡಿ ಒಂದೂ ಬಿಚ್ಚದವರು. ಕಾಗದದಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂಬುದು ಅವರ ಸಿದ್ಧಾಂತ. ಪ್ರತಿ ರೋಗಿಗೂ ಒಂದು ಫಾರ್ಮು. ಎತ್ತರ, ತೂಕ, ಸುತ್ತಳತೆ, ಚರ್ಮದ ಸ್ಥಿತಿ, ಶೂ ಸೈಜು. ಅದರಲ್ಲಿ ಒಂದು ಕಾಲಂ ಖಾಲಿ ಉಳಿದರೆ ಇಡೀ ಫಾರ್ಮು ಮೇಜಿನ ಆಚೆಯಿಂದ ಈಚೆಗೆ ಹಾರಿ ಬರುತ್ತಿತ್ತು. ನಾನು ಅವರಿಗೆ ಹೆದರುತ್ತಿದ್ದೆ. ನಿವೃತ್ತಿಯಾದ ಮೇಲೂ ರಸ್ತೆಯಲ್ಲಿ ಸಿಕ್ಕಾಗ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡಿದ್ದೇನೆ.

ಫಾರ್ಮು ತುಂಬಿದ್ದರೂ ತಪ್ಪುಗಳು ಆಗುತ್ತಿದ್ದವು. ಕೋಪರಖೈರಣೆಯಿಂದ ಮೀನು ಮಾರುವ ಒಬ್ಬರು ಹೆಂಗಸು ಬಂದಿದ್ದರು. ನಮಗೆ ಬರುತ್ತಿದ್ದ ರಬ್ಬರ್ ಪಾದಗಳು ಆಗ ಒಂದೇ ಬಣ್ಣದವು, ಬೆಳ್ಳಗೆ, ಸ್ವಲ್ಪ ಕೆಂಪಗೆ. ಬಿಸಿಲಲ್ಲಿ ಕೂತು ಕಪ್ಪಾಗಿದ್ದ ಆ ತಾಯಿಗೆ ಅದನ್ನೇ ಜೋಡಿಸಿ ಕೊಟ್ಟೆ. ಸೀರೆ ಸ್ವಲ್ಪ ಎತ್ತಿ ಎರಡೂ ಪಾದ ನೋಡಿದರು, ಮೇಡಮ್ ಕಡೆ ನೋಡಿದರು.

“ಹಾ ಪಾಯ್ ಮಾಝಾ ನಾಯ್, ಡಾಕ್ಟರೀಣ್ ಬಾಯೀಚಾ ಹಾಯ್,” ಎಂದರು. ಇದು ನನ್ನ ಕಾಲಲ್ಲ, ಡಾಕ್ಟರಮ್ಮನದು!

ಮೇಡಮ್ ನಕ್ಕದ್ದನ್ನು ಅಂದು ಮೊದಲ ಸಲ ನೋಡಿದೆ. ಮರುದಿನವೇ ಬಣ್ಣ ಬೆರೆಸುವ ಪುಡಿ ತರಿಸಿದರು. ಫಾರ್ಮಿನಲ್ಲಿ ಒಂದು ಕಾಲಂ ಜಾಸ್ತಿಯಾಯಿತು. ಇಂಥ ತಪ್ಪುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ನಗು ಬರದ ತಪ್ಪು ಒಂದಿದೆ, ಅದನ್ನೇ ಹೇಳಬೇಕಾಗಿದೆ.

ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮವರ ಒಂದು ಹೋಟೆಲು. ಎಂಐಡಿಸಿ ಕಾರ್ಖಾನೆಗಳ ಬದಿಯ ನನ್ನ ರೂಮಿನಿಂದ ಹೊರಟು, ಅಲ್ಲಿ ಒಂದು ಸಾದಾ ದೋಸೆ ತಿಂದು ಗಾಡಿ ಹಿಡಿಯುವುದು ನನ್ನ ಕ್ರಮ. ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ತಟ್ಟೆ ದಾಟಿಸಲು ಒಂದು ಕಿಂಡಿ. ಕಿಂಡಿಯಲ್ಲಿ ದೋಸೆ ಹೊಯ್ಯುವವರ ಎದೆ, ಜನಿವಾರ, ಬೆವರಿದ ಮುಖ ಕಾಣುತ್ತಿತ್ತು. ಸೌಟು ಕಾವಲಿಯ ನಡುವಿನಿಂದ ಹೊರಟು ಎಲ್ಲೂ ತಡೆಯದೆ ಸುತ್ತುತ್ತಾ ಅಂಚಿಗೆ ಬರುತ್ತಿತ್ತು. ನಮ್ಮ ತಂದೆ ಕೈವಾರ ಹಿಡಿದು ಎಳೆದರೂ ಅಷ್ಟು ಗುಂಡಗೆ ಬರುತ್ತಿರಲಿಲ್ಲ. ಕೋಟದ ಕಡೆಯ ಐತಾಳರು ಎಂದು ಹೆಸರು ಗೊತ್ತಿತ್ತು. “ಹ್ವಾಯ್ ಆಚಾರ್ರೆ, ಗಾಡಿ ತಪ್ತ್ ಕಾಣಿ!” ಎಂದು ಕಿಂಡಿಯೊಳಗಿಂದ ಕೂಗುತ್ತಿದ್ದರು. ಹದಿನೈದು ವರ್ಷ ಅವರ ಕೈಯ ದೋಸೆ ತಿಂದೆ. ಹದಿನೈದು ವರ್ಷವೂ ಅವರನ್ನು ಸೊಂಟದ ಮೇಲೆ ಮಾತ್ರ ನೋಡಿದ್ದೆ.

ಮುಂಬಯಿಯನ್ನು ಮುಳುಗಿಸಿದ ಆ ದೊಡ್ಡ ಮಳೆಯ ಮರುವರ್ಷ ಕಿಂಡಿಯಲ್ಲಿ ಬೇರೆ ಮುಖ ಕಾಣಿಸಿತು. ಐತಾಳರಿಗೆ ಸಕ್ಕರೆ ಕಾಯಿಲೆ. ಎಡಪಾದಕ್ಕೆ ಏನೋ ಚುಚ್ಚಿದ್ದು ಗೊತ್ತಾಗಲಿಲ್ಲ. ದಿನವಿಡೀ ಒದ್ದೆ ನೆಲದ ಮೇಲೆ ನಿಂತು ಹುಣ್ಣಾಗಿ, ಕೊಳೆತು, ಮೊಣಕಾಲಿನ ಕೆಳಗೆ ಕತ್ತರಿಸಿದರು. ಗಾಯ ಮಾಗಿದ ಮೇಲೆ ಹೆಂಡತಿ ಶಾರದಮ್ಮನ ಹೆಗಲು ಹಿಡಿದು ನಮ್ಮಲ್ಲಿಗೇ ಬಂದರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಬಲಗಾಲಿಗೆ ಪಾಲಿಶ್ ಮಾಡಿದ ಕರೀ ಶೂ. ಎಡಗಾಲಿನ ಶೂ ಶಾರದಮ್ಮನ ಕೈಚೀಲದಲ್ಲಿ.

“ಆಚಾರ್ರೆ, ನಂಗೆ ದೊಡ್ಡ ಆಸೆ ಎಂತದೂ ಇಲ್ಲ,” ಎಂದರು. “ಕಾವಲಿ ಎದ್ರು ನಿಲ್ಲೂಕಾದ್ರೆ ಸಾಕು. ಬೆಳಿಗ್ಗೆ ಏಳೂಕೆ ಒಂದು ಕಾರಣ ಬೇಕಲ್ದಾ?”

“ನಿಲ್ಲಿಸ್ತೇನೆ ಐತಾಳ್ರೆ, ನನ್ನ ಜವಾಬ್ದಾರಿ,” ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ! ಆ ಧೈರ್ಯ ನೆನೆದರೆ ಇವತ್ತು ನನಗೆ ನನ್ನ ಮೇಲೇ ಸಿಟ್ಟು.

ಇಲ್ಲಿ ಸ್ವಲ್ಪ ಕೆಲಸದ ವಿಷಯ ಹೇಳಬೇಕು. ಶೂವಿಗೆ ಹಿಮ್ಮಡಿ ಇರುತ್ತದೆ, ಬೆರಳಿನ ಕಡೆಗಿಂತ ಅರ್ಧ ಅಂಗುಲ ಎತ್ತರ. ಶೂ ಹಾಕುವವನಿಗೆ ಕಾಲು ಮಾಡುವಾಗ ಆ ಎತ್ತರವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಪಾದವನ್ನು ಕೂರಿಸುತ್ತೇವೆ. ಶೂ ಹಾಕಿದಾಗ ಕಾಲು ನೇರ ನಿಲ್ಲುತ್ತದೆ. ಅದೇ ಕಾಲನ್ನು ಬರಿದೇ ನೆಲಕ್ಕೆ ಊರಿದರೆ ಹಿಮ್ಮಡಿ ತಗ್ಗಿ, ಇಡೀ ಕಾಲು ಹಿಂದಕ್ಕೆ ವಾಲುತ್ತದೆ. ಎರಡು ಕಾಲಿರುವವರಿಗೆ ಅರ್ಧ ಅಂಗುಲ ಏನೂ ಅಲ್ಲ. ನಮ್ಮವರಿಗೆ ಅದು ಬೀಳುವುದಕ್ಕೆ ಸಾಕು.

ಐತಾಳರ ಕಾಲನ್ನು ಆ ಕರೀ ಶೂವಿಗೆ ಸರಿಯಾಗಿ ಕೂರಿಸಿದೆ. ಎರಡು ಕಂಬಿಗಳ ನಡುವೆ ನಡೆಸಿದೆ. ಎಷ್ಟು ಚೆನ್ನಾಗಿ ನಡೆದರು! ಮೇಡಮ್ ಕೂಡ ಬಂದು ನೋಡಿ ತಲೆಯಾಡಿಸಿದರು. ಫಾರ್ಮಿನಲ್ಲಿ ಒಂದು ಕಾಲಮ್ಮೂ ಖಾಲಿ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹೋಟೆಲಿಗೆ ಹೋದಾಗ ಕಿಂಡಿ ಖಾಲಿ. ಹಿಂದಿನ ದಿನ ಐತಾಳರು ಕೆಲಸಕ್ಕೆ ಬಂದಿದ್ದರಂತೆ. ಅಡುಗೆಮನೆಯ ಹೊಸ್ತಿಲಲ್ಲಿ ಶೂ ಬಿಚ್ಚಿಟ್ಟರಂತೆ. ಒಲೆಗೆ ಕೈಮುಗಿದು, ಕಾವಲಿ ಕಾಯಲು ಬಿಟ್ಟು, ಮೊದಲ ದೋಸೆಗೆ ಸೌಟು ಎತ್ತಿದಾಗ ಹಿಂದಕ್ಕೆ ವಾಲಿದರು. ಹಿಂದಕ್ಕೆ ಬೀಳುವವನು ಮುಂದೆ ಇರುವುದನ್ನು ಹಿಡಿಯುತ್ತಾನೆ. ಮುಂದೆ ಇದ್ದದ್ದು ಕಾವಲಿ. ಬಲ ಅಂಗೈ ಪೂರ್ತಿ ಅದರ ಮೇಲೆ ಕೂತುಬಿಟ್ಟಿತು.

ನಾನು ದೋಸೆ ತಿನ್ನದೆ ಎದ್ದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹೋಟೆಲಿನ ಸಾಹುಕಾರರು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಹೊಸ್ತಿಲಲ್ಲಿ ನನ್ನ ಕಾಲು ತಾನಾಗಿ ಚಪ್ಪಲಿ ಬಿಟ್ಟಿತು. ಯೋಚಿಸಲೂ ಇಲ್ಲ. ನಮ್ಮ ತಾಯಿ ಅಡುಗೆಮನೆಯ ಹತ್ತಿರ ಚಪ್ಪಲಿ ಕಂಡರೆ ಅಂಗಳಕ್ಕೆ ಎಸೆಯುತ್ತಿದ್ದರು. ನನ್ನ ಹೆಂಡತಿಯೂ ಅಷ್ಟೆ. ನಮ್ಮ ಕಡೆಯ ಯಾವ ಅಡುಗೆಯವರು ಒಲೆಯ ಮುಂದೆ ಚಪ್ಪಲಿ ಹಾಕಿ ನಿಂತಿದ್ದಾರೆ? ಡಾಕ್ಟರು ಹೇಳಿದರೂ ಕೇಳದೆ ಬರಿಗಾಲಲ್ಲಿ ನಿಂತದ್ದಕ್ಕೇ ಅಲ್ಲವೇ ಅವರ ಕಾಲು ಹೋದದ್ದು? ಇದೆಲ್ಲ ಗೊತ್ತಿದ್ದವನು ನಾನೊಬ್ಬನೇ. ಮೇಡಮ್ಮಿಗೆ ಗೊತ್ತಿರಬೇಕಾಗಿರಲಿಲ್ಲ. ಆಸ್ಪತ್ರೆಯ ಬಿಳಿ ಕೋಟು ನಾನೂ ತೊಟ್ಟ ಕೂಡಲೇ ಯಾವ ಮನೆಯಿಂದ ಬಂದವನು ಎನ್ನುವುದು ಮರೆತುಹೋಗಿತ್ತು.

ಮೇಡಮ್ ಹತ್ತಿರ ಹೋಗಿ ತಪ್ಪು ನನ್ನದು ಎಂದೆ. ಅವರು ಫಾರ್ಮು ತೆಗೆದು ಎರಡು ಸಲ ಓದಿದರು. “ಫಾರ್ಮ್ ಬರೋಬರ್ ಆಹೆ, ಆಚಾರ್ಯ,” ಎಂದರು. ಫಾರ್ಮು ಸರಿಯಾಗಿಯೇ ಇತ್ತು. ಬೈದಿದ್ದರೆ ಒಳ್ಳೆಯದಿತ್ತು.

ಸಕ್ಕರೆ ಕಾಯಿಲೆಯವರ ಸುಟ್ಟ ಗಾಯ ಬೇಗ ಮಾಗುವುದಿಲ್ಲ. ಮಾಗಿದಾಗ ಬೆರಳುಗಳು ಒಳಕ್ಕೆ ಮಡಚಿಕೊಂಡು ಗಟ್ಟಿಯಾಗಿದ್ದವು. ನಾನು ಅವರ ಮನೆಗೆ ಹೋದದ್ದು ಎರಡು ತಿಂಗಳಾದ ಮೇಲೆ. ಬೇಗ ಹೋಗಲು ಮುಖ ಇರಲಿಲ್ಲ ಎನ್ನುವುದೇ ನಿಜ. ಕಲ್ಯಾಣ ಪೂರ್ವದ ಒಂದು ಚಾಳಿನಲ್ಲಿ ಒಂದೇ ಕೋಣೆ, ಮೂಲೆಯಲ್ಲಿ ಅಡುಗೆಕಟ್ಟೆ. ಐತಾಳರು ಗೋಡೆಯ ಕಡೆ ತಿರುಗಿ ಮಲಗಿದ್ದರು. ನಾನು ಬಗಲಲ್ಲಿ ಹೊಸ ಕಾಲು ಹಿಡಿದುಕೊಂಡು ಹೋಗಿದ್ದೆ, ಬರಿಗಾಲಿಗೆ ಸರಿಯಾಗಿ ಕೂರಿಸಿದ್ದು.

“ಯಾವಾಗ್ಳೂ ಹೀಗೇ ಮಲಗಿರ್ತ್ರು,” ಎಂದರು ಶಾರದಮ್ಮ. “ಕಾಲು ಹೋದಾಗ ಒಂದು ದಿನವೂ ಮಲಗ್ಲಿಲ್ಲ. ಕೈ ಹೋದ ಮೇಲೆ ಮಾತೇ ಇಲ್ಲ.”

ನಾನು ಚಾಪೆಯ ತುದಿಯಲ್ಲಿ ಕೂತೆ. “ಶೂ ಬಿಚ್ತೇನೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಐತಾಳ್ರೆ?” ಎಂದುಬಿಟ್ಟೆ. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡೆ. ತಪ್ಪನ್ನು ಅವರ ಮೇಲೆ ಹಾಕಿದಂತಾಯಿತು.

ಗೋಡೆಯ ಕಡೆಯಿಂದಲೇ ಮಾತು ಬಂತು. “ಅದು ನನ್ನ ಶೂ ಅಲ್ಲ ಆಚಾರ್ರೆ. ಸಾಹುಕಾರ್ರದ್ದು. ಆಸ್ಪತ್ರೆಗೆ, ಅಷ್ಟು ದೊಡ್ಡ ಮೇಡಮ್ಮನ ಎದ್ರು, ಬರಿಗಾಲಲ್ಲಿ ಬಪ್ಪೂದು ಮರ್ಯಾದಿಯಲ್ಲ ಅಂತ ಹಾಕಿ ಬಂದೆ. ನೀವು ಕೇಳ್ಲಿಲ್ಲ.” ಆಮೇಲೆ, “ನಾನೂ ಹೇಳ್ಲಿಲ್ಲ,” ಎಂದರು.

ಹೊಸ ಕಾಲನ್ನು ಶಾರದಮ್ಮ ಪಂಚೆಯ ತುಂಡಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು. ನಾನು ಮೆಟ್ಟಿಲಿಳಿದು ರಸ್ತೆಯಲ್ಲಿ ನಿಂತು ಅತ್ತೆ. ಐವತ್ತರ ಹತ್ತಿರದ ಗಂಡಸು, ರಿಕ್ಷಾದವರು ನೋಡುತ್ತಿದ್ದರು. ಕೆಲಸ ಬಿಟ್ಟುಬಿಡುತ್ತೇನೆ ಎಂದು ಅಂದು ನಾನೂ ನಿರ್ಧರಿಸಿದ್ದೆ ಮಗಳೇ. ಇದು ನಿನಗೆ ಹೇಳಬೇಕೆಂದೇ ಬರೆಯುತ್ತಿದ್ದೇನೆ.

ಬಿಡಲಿಲ್ಲ, ಏಕೆಂದರೆ ಮುಂದಿನ ಮಂಗಳವಾರ ಐತಾಳರೇ ಬಂದರು. ಹಳೆಯ ಕಾಲು, ಅದೇ ಕರೀ ಶೂ, ಕಂಕುಳಲ್ಲಿ ಕೋಲು. ಶೂ ಅವರಿಗೇ ಇರಲಿ ಎಂದು ಸಾಹುಕಾರರು ಬಿಟ್ಟುಕೊಟ್ಟಿದ್ದರಂತೆ. ಅಳತೆಗೆ ಬಂದವರು ಕಾಯುವ ಬೆಂಚಿನ ತುದಿಯಲ್ಲಿ ಕೂತರು.

“ಎಂತ ಐತಾಳ್ರೆ, ಏನಾದ್ರೂ ತೊಂದರೆ ಉಂಟಾ?”

“ತೊಂದರೆ ಇಲ್ಲ. ಮನೇಲಿ ಗೋಡೆ ಕಂಡು ಕಂಡು ಸಾಕಾಯ್ತು. ಇಲ್ಲಿ ಕೂತ್ಕಂಡ್ರೆ ಆತ್ತಾ?”

ಕೂತರು. ಪಕ್ಕದಲ್ಲಿ ಉಲ್ಹಾಸನಗರದ ಒಬ್ಬ ದರ್ಜಿ ಇದ್ದ. ಅರ್ಧ ಗಂಟೆಯ ಮೇಲೆ ಐತಾಳರು ಒಳಗೆ ಬಂದು ನನ್ನ ಕಿವಿಯಲ್ಲಿ, “ಹ್ವಾಯ್, ಅವನದ್ದು ಕಾಲಲ್ಲಿ ತುಳಿಯೂ ಮಿಷನ್ನು. ನಡೆಯೂದಕ್ಕಿಂತ ತುಳಿಯೂದೇ ಜಾಸ್ತಿ. ನಿಮಗೆ ಹೇಳಿದ್ನಾ?” ಎಂದರು. ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ಫಾರ್ಮಿನಲ್ಲಿ ‘ವೃತ್ತಿ: ಟೇಲರ್’ ಎಂದಿತ್ತು, ಅಷ್ಟೆ. ಪಾದವನ್ನು ಮೃದುವಾದದ್ದಕ್ಕೆ ಬದಲಾಯಿಸಿದೆ.

ಅಲ್ಲಿಂದ ಮಂಗಳವಾರ, ಶುಕ್ರವಾರ ತಪ್ಪದೆ ಬಂದರು. ಕೋಟು ತೊಟ್ಟವರಿಗೆ ರೋಗಿಗಳು ಮರ್ಯಾದೆಯ ಉತ್ತರ ಕೊಡುತ್ತಾರೆ. ಬೆಂಚಿನ ಮೇಲೆ ಮೊಂಡುಗಾಲು ಚಾಚಿ ಕೂತವರಿಗೆ ನಿಜ ಹೇಳುತ್ತಾರೆ. ಐತಾಳರಿಗೆ ಹರುಕು ಮುರುಕು ಹಿಂದಿ, ಹೋಟೆಲಿನ ಮರಾಠಿ. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಾಳೆ ಬೆಳಿಗ್ಗೆ ಎದ್ದು ಎಲ್ಲಿ ನಿಲ್ಲುತ್ತೀರಿ? ಅಲ್ಲಿ ನೆಲ ಹೇಗಿದೆ? ಕಾರ್ಖಾನೆಯವನು ಎಣ್ಣೆ ಬಿದ್ದ ನೆಲ ಎನ್ನುತ್ತಿದ್ದ. ಯಾರೋ ಒಬ್ಬರು ಮಸೀದಿಯ ಮೆಟ್ಟಿಲು ಎಂದರು, ಯಾರೋ ಪಾಯಖಾನೆಯ ಕಲ್ಲು ಎಂದು ತಲೆತಗ್ಗಿಸಿದರು. ಐತಾಳರು ಬಂದು ನನಗೆ ಹೇಳುತ್ತಿದ್ದರು, ನಾನು ಫಾರ್ಮಿನ ಹಿಂದೆ ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಿದ್ದೆ. ಮೇಡಮ್ಮಿನ ಕಣ್ಣಿಗೆ ಬೀಳದಿರಲಿ ಎಂದು ಸಣ್ಣ ಅಕ್ಷರದಲ್ಲಿ.

ಬಿತ್ತು. ಮೇಡಮ್ ಒಂದು ಫಾರ್ಮು ತಿರುಗಿಸಿ ನೋಡಿ, ಇನ್ನೊಂದನ್ನು ನೋಡಿ, ಕಟ್ಟನ್ನೇ ತಿರುವಿಹಾಕಿದರು. ಇನ್ನು ಐತಾಳರನ್ನು ಹೊರಗೆ ಹಾಕುತ್ತಾರೆ ಎಂದುಕೊಂಡೆ. ಮುಂದಿನ ತಿಂಗಳು ಹೊಸ ಫಾರ್ಮುಗಳು ಅಚ್ಚಾಗಿ ಬಂದವು. ಕೊನೆಯಲ್ಲಿ ಒಂದು ಹೊಸ ಕಾಲಂ: ‘ನೆಲ’. ಬೆಂಚಿನ ಹತ್ತಿರ ಹಾದುಹೋಗುವಾಗ ಮೇಡಮ್ “ಕಸೇ ಆಹಾತ್, ಐತಾಳ್?”, ಹೇಗಿದ್ದೀರಿ, ಎಂದು ನಿಂತು ಕೇಳತೊಡಗಿದರು.

ನಿನ್ನ ಡೊಂಬಿವಲಿಯಿಂದಲೇ ಕಾಲೇಜಿನ ಒಬ್ಬಳು ಹುಡುಗಿಯನ್ನು ತಂದೆ ಎತ್ತಿಕೊಂಡು ಬಂದಿದ್ದರು. ಶ್ರುತಿ ಎಂದು ಹೆಸರು. ಮನೆಮಾತು ಕನ್ನಡ, ಆದರೆ ಹಿಂದಿಯಲ್ಲೇ ಮಾತು. ಅದೂ ಆಗ ನಿಂತುಹೋಗಿತ್ತು. ಎರಡು ಸಲ ಅಳತೆಗೆ ಬಂದು ಎರಡು ಸಲವೂ ಕಾಲು ಮುಟ್ಟಗೊಡದೆ ಹೋದಳು. ಮೂರನೆಯ ಸಲ ಐತಾಳರು ಪಕ್ಕದಲ್ಲಿ ಕೂತು ತಮ್ಮ ಪ್ರಶ್ನೆ ಕೇಳಿದರು.

“ನಾಳೆ ಬೆಳಿಗ್ಗೆ ಎದ್ದು ಎಲ್ಲಿ ನಿಲ್ತಿ ಮಗಾ?”

“ಕಹೀಂ ನಹೀಂ,” ಎಂದಳು. ಎಲ್ಲೂ ಇಲ್ಲ.

ಐತಾಳರು ಸಮಾಧಾನ ಹೇಳಲಿಲ್ಲ. “ನಾನೂ ಅಷ್ಟೇ ಕಾಣ್,” ಎಂದು ಮಡಚಿದ ಬೆರಳುಗಳ ಕೈಯನ್ನು ಮುಂದೆ ಚಾಚಿ ತೋರಿಸಿದರು. “ನಂಗೂ ನಿಲ್ಲೂಕೆ ಜಾಗ ಇಲ್ಲ. ಅದ್ಕೇ ಇಲ್ಲಿ ಬಂದು ಕೂತ್ಕಂತೆ. ನೀನೂ ಕೂತ್ಕೋ.”

ಆ ಹುಡುಗಿ ನಾಲ್ಕು ವಾರ ಬಂದು ಬರಿದೇ ಅವರ ಪಕ್ಕದಲ್ಲಿ ಕೂತು ಹೋದಳು. ಐದನೆಯ ವಾರ ತಾನಾಗಿ ಬಂದು ಅಳತೆಯ ಮಂಚದ ಮೇಲೆ ಕೂತಳು. ನೆಲದ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದಾಗ ‘ಬಾಲ್ಕನಿ’ ಎಂದಳು. ವರ್ಷ ಕಳೆದ ಮೇಲೆ ಒಂದು ದಿನ ಬಂದು, ಸಾಕೆಟ್ ಸಡಿಲವಾಗಿದೆ, ಕಾಲೇಜಿನ ಮೆಟ್ಟಿಲು ಹತ್ತುವಾಗ ಶಬ್ದ ಬರುತ್ತದೆ, ಇದೇನು ಕೆಲಸ ಎಂದು ನನ್ನ ಜತೆ ಜಗಳ ಮಾಡಿದಳು. ನಮ್ಮ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಐತಾಳರು ಬೆಂಚಿನ ಮೇಲೆ ಕೂತು ಬಾಯಿಗೆ ಪಂಚೆ ಒತ್ತಿಕೊಂಡು ನಗುತ್ತಿದ್ದರು.

ಎಲ್ಲರ ಕಥೆ ಹೀಗೆ ಆಗಲಿಲ್ಲ. ಬೆಂಚಿನ ಮೇಲೆ ಕೂತು ಎದ್ದು ಹೋಗಿ ಮತ್ತೆ ಬಾರದವರೂ ಇದ್ದಾರೆ. ಅವರ ಫಾರ್ಮುಗಳು ನನಗೆ ನೆನಪಿವೆ. ಬದುಕಿಗೆ ಗುರಿ ಬೇಕು ಎಂದು ವೇದಿಕೆಯ ಮೇಲೆ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಐತಾಳರಿಗೆ ಗುರಿ ಸಿಕ್ಕಿತು ಎಂದು ನಾನು ಹೇಳಲಾರೆ. ಅವರಿಗೆ ಬೇಕಾಗಿದ್ದದ್ದು ಕಾವಲಿ. ಅದನ್ನು ನಾನು ಕಸಿದುಕೊಂಡಿದ್ದೆ. ಬೆಂಚಿನ ಮೇಲೆ ಕೂತು ಅವರು ನಮಗೆ ಕೊಟ್ಟದ್ದು ಅವರ ಕಾವಲಿಗೆ ಬದಲಿಯಾಗಲಿಲ್ಲ.

ನನಗೆ ಕೊರೆಯುತ್ತಿದ್ದ ಇನ್ನೊಂದು ವಿಷಯ, ನಾನು ಬರಿಗಾಲಿಗೆಂದು ಮಾಡಿಕೊಟ್ಟ ಆ ಎರಡನೆಯ ಕಾಲು. ಅದನ್ನು ಅವರು ಕಟ್ಟಿಕೊಂಡದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಯಾವಾಗ ನೋಡಿದರೂ ಹಳೆಯ ಕಾಲು, ಸಾಹುಕಾರರ ಶೂ. ಒಮ್ಮೆ ತಡೆಯಲಾರದೆ ಕೇಳಿದೆ.

“ಹೊಸ ಕಾಲು ಸರಿ ಆಗ್ಲಿಲ್ವಾ ಐತಾಳ್ರೆ?”

“ಅದು ಇತ್ತ್, ಮನೇಲಿ ಇತ್ತ್,” ಮನೆಯಲ್ಲಿದೆ ಎಂದು ಮಾತು ತೇಲಿಸಿದರು.

ನನ್ನ ಕೈಯ ಮೇಲೆ ಅವರಿಗೆ ನಂಬಿಕೆ ಹೋಗಿದೆ, ಅದನ್ನು ಬಾಯಿಬಿಟ್ಟು ಹೇಳಲು ದಾಕ್ಷಿಣ್ಯ ಎಂದುಕೊಂಡೆ. ನ್ಯಾಯವೇ. ಮತ್ತೆ ಕೇಳಲಿಲ್ಲ. ಇನ್ನೊಂದು ದಿನ ಕಸದ ಡಬ್ಬಿಯ ಪಕ್ಕದಲ್ಲಿ ಬಿದ್ದಿದ್ದ ಒಂದು ಹಳೆಯ ಚರ್ಮದ ಪಟ್ಟಿ ಎತ್ತಿಕೊಂಡರು. ಕಾಲು ಜಾರದಂತೆ ಮೊಣಕಾಲಿನ ಮೇಲೆ ಬಿಗಿಯುವ ಪಟ್ಟಿ ಅದು.

“ಇದು ನಿಮಗೆ ಬೇಡ್ದಿದ್ರೆ ನಾ ತಕಂಡ್ ಹೋಯ್ಲಾ?”

“ಹೊಸದು ಕೊಡ್ತೇನೆ, ಇರಿ.”

“ಬೇಡ ಬೇಡ, ಇದೇ ಸಾಕು.”

ಅವಸರದಲ್ಲಿದ್ದೆ, ಕೊಟ್ಟು ಕಳಿಸಿದೆ.

ನಾಲ್ಕು ವರ್ಷ ಹೀಗೆ ನಡೆಯಿತು. ಐದನೆಯ ವರ್ಷ ಬಲಗಾಲಿಗೂ ಹುಣ್ಣು ಬಂತು. ಈ ಸಲ ಕಾಲು ಕತ್ತರಿಸುವ ಮೊದಲೇ ವಿಷ ಮೈಗೇರಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಪಕ್ಕದ ಮಂಚದವನನ್ನು ತೋರಿಸಿ, “ಅವನದ್ದೂ ಕಾಲು ತೆಗೀತ್ರಂತೆ ಆಚಾರ್ರೆ, ಭಿವಂಡಿ ಮಗ್ಗದವ. ನಿಂತೇ ಕೆಲ್ಸ. ನೆನಪಿಟ್ಕಣಿ,” ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು. ಶುಕ್ರವಾರ ತೀರಿಕೊಂಡರು. ಬೆಂಚು ಖಾಲಿ ಇತ್ತು.

ಒಂದು ತಿಂಗಳಾದ ಮೇಲೆ ಶಾರದಮ್ಮ ವರ್ಕ್‌ಶಾಪಿಗೆ ಬಂದರು. ಎರಡೂ ಕಾಲುಗಳನ್ನು ತಂದಿದ್ದರು. ವಾಪಸು ಬಂದ ಕಾಲನ್ನು ಬಿಚ್ಚಿ, ಪಾದ ಚೆನ್ನಾಗಿದ್ದರೆ ಇನ್ನೊಬ್ಬರಿಗೆ ಜೋಡಿಸುವುದು ನಮ್ಮಲ್ಲಿಯ ಪದ್ಧತಿ. ಹಳೆಯದು ಪೂರ್ತಿ ಮುಗಿದಿತ್ತು. ಇನ್ನೊಂದು ಪಂಚೆಯ ತುಂಡಿನಲ್ಲೇ ಸುತ್ತಿಕೊಂಡಿತ್ತು, ನಾನು ಕೊಟ್ಟ ದಿನ ಸುತ್ತಿದ ಹಾಗೆಯೇ. ಮಂಚದ ಕೆಳಗಿನ ಕಾಲು ಎಂದುಕೊಂಡು ಬಿಚ್ಚಿದೆ. ಅಭ್ಯಾಸದಂತೆ ತಿರುಗಿಸಿ ಅಡಿ ನೋಡಿದೆ.

ಹಿಮ್ಮಡಿ ಹೊಚ್ಚ ಹೊಸದು. ಒಂದು ಗೀರೂ ಇಲ್ಲ. ಆದರೆ ಮುಂದಿನ ಭಾಗ, ಹೆಬ್ಬೆರಳಿನ ಬುಡದಲ್ಲಿ, ಸವೆದು ನುಣ್ಣಗಾಗಿ ಹೊಳೆಯುತ್ತಿತ್ತು. ಅಂಥ ಸವೆತವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಒಂದು ಹೆಜ್ಜೆಯೂ ನಡೆಯದೆ, ಒಂದೇ ಜಾಗದಲ್ಲಿ, ಸ್ವಲ್ಪ ಮುಂದಕ್ಕೆ ಬಾಗಿ, ವರ್ಷಗಟ್ಟಲೆ ನಿಂತವರ ಕಾಲು ಅದು.

“ಇದನ್ನು ಕಟ್ಕೊಳ್ತಿದ್ರಾ ಅಮ್ಮ?”

“ದಿನಾ,” ಎಂದರು ಶಾರದಮ್ಮ. “ಬೆಳಿಗ್ಗೆ ಸ್ನಾನ ಆದ್ಕೂಡ್ಲೆ. ಒಲೆ ಎದ್ರು ಮಾತ್ರ. ಇದು ಅಡುಗೆಮನೆ ಕಾಲು, ಬೀದಿ ಮುಟ್ಟೂಕಾಗ, ಮುಟ್ಲೇಬಾರ್ದು ಅಂತ. ಒಂದು ತಾಸು ನಿಂತು, ಬಿಚ್ಚಿ, ಒರೆಸಿ, ಸುತ್ತಿ ಇಟ್ಟು, ಮತ್ತೆ ಆ ಶೂವಿನದ್ದು ಹಾಕ್ಕಂಡು ನಿಮ್ಮಲ್ಲಿಗೆ ಬಪ್ಪೂದು.”

“ಒಲೆ ಎದುರು ನಿಂತು?”

ಅವರು ಕೈಚೀಲದಿಂದ ಆ ಚರ್ಮದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಅದರ ಮಡಿಕೆಯಲ್ಲಿ ಒಣಗಿದ ದೋಸೆ ಹಿಟ್ಟು ಬೆಳ್ಳಗೆ ಕೂತಿತ್ತು. ಮಡಚಿದ ಬೆರಳುಗಳಿಗೆ ಸೌಟು ನಿಲ್ಲುತ್ತಿರಲಿಲ್ಲವಂತೆ. ಎಡಗೈಯಲ್ಲಿ ಹೊಯ್ದದ್ದನ್ನು ಜನರಿಗೆ ಬಡಿಸಲು ಅವರ ಮನಸ್ಸು ಒಪ್ಪಲಿಲ್ಲ. ಅದಕ್ಕೆ ಸೌಟನ್ನು ಈ ಪಟ್ಟಿಯಲ್ಲಿ ಬಲ ಅಂಗೈಗೆ ಬಿಗಿದುಕೊಂಡು, ಭುಜ ತಿರುಗಿಸಿ ಹೊಯ್ಯುವುದನ್ನು ಕಲಿಯುತ್ತಿದ್ದರು. ನಾವು ಕಾಲು ಕಟ್ಟುವ ಹಾಗೆ. ಎಲ್ಲರನ್ನೂ ಎಲ್ಲವನ್ನೂ ಕೇಳಬೇಕೆಂದು ಅವರಿಂದಲೇ ಕಲಿತ ನಾನು, ಪಟ್ಟಿ ಯಾತಕ್ಕೆ ಎಂದು ಅವರನ್ನು ಕೇಳಿರಲಿಲ್ಲ.

“ಆಚಾರ್ರು ನಂದೇ ತಪ್ಪು ಅಂತ ಒಳಗೊಳಗೆ ಕೊರಗ್ತ್ರು, ಬಾಯಲ್ಲಿ ಹೇಳಿರೆ ಹೋಪೂದಲ್ಲ ಅದು ಅಂತಿದ್ರು,” ಎಂದರು ಶಾರದಮ್ಮ. “ದೋಸೆ ಗುಂಡಗೆ ಬಂದ ದಿನ ಅವ್ರನ್ನ ಮನೆಗೆ ಕರೀಕ್, ಒಂದು ಸಾದಾ ಹೊಯ್ದು ಕೊಡ್ಕ್, ಅಲ್ಲೀವರೆಗೆ ಹೇಳೂಕಾಗ ಅಂತ ನನ್ನ ಬಾಯಿ ಕಟ್ಟಿದ್ರು.”

“ಬಂತಾ ಅಮ್ಮ?”

“ಬರ್ಲಿಲ್ಲ. ಒಂದು ಬದಿ ಯಾವಾಗ್ಳೂ ದಪ್ಪ.”

“ದಪ್ಪ ಇದ್ರೂ ನಾನು ತಿಂತಿದ್ದೆ.”

“ನಾನೂ ಅದನ್ನೇ ಹೇಳ್ದೆ. ಕೇಳ್ಲಿಲ್ಲ,” ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಏಳುವಾಗ, “ಕಾಲನ್ನು ಒಲೆ ಎದ್ರು ನಿಲ್ಲೂವವರಿಗೇ ಕೊಡಿ,” ಎಂದರು. ಪಟ್ಟಿಯನ್ನು ಮಾತ್ರ ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದರು.

ಆ ಪಾದವನ್ನು ನನ್ನ ಕಪಾಟಿನಲ್ಲಿ ಬಚ್ಚಿಟ್ಟೆ. ಮೇಡಮ್ಮಿಗೆ ಗೊತ್ತಿತ್ತು, 'ಲೆಕ್ಕದ ಪುಸ್ತಕಕ್ಕೆ ಏರಿಸಿಲ್ಲ ಏಕೆ' ಎಂದು ಕೇಳಲಿಲ್ಲ. ಏಳೆಂಟು ತಿಂಗಳ ಮೇಲೆ ಉಲ್ಹಾಸನಗರದ ಮಿಠಾಯಿ ಅಂಗಡಿಯ ಕೆಲಸದವನೊಬ್ಬ ಬಂದ. ನಾಳೆ ಬೆಳಿಗ್ಗೆ ಎದ್ದು ಎಲ್ಲಿ ನಿಲ್ಲುತ್ತೀಯ ಎಂದು ಕೇಳಿದೆ. ಇನ್ನೆಲ್ಲಿ ನಿಲ್ಲುವುದು ಸಾಹೇಬ, ನಿಂತ ದಿನಗಳು ಮುಗಿದವು ಎಂದ. ಅಲ್ಲ, ಹೇಳು ಎಂದೆ. ಬಾಣಲೆಯ ಮುಂದೆ ಎಂದ. ಚಪ್ಪಲಿ? ಛೆ, ಬಾಣಲೆಯ ಮುಂದೆ ಚಪ್ಪಲಿಯಾ ಎಂದು ಕಿವಿ ಮುಟ್ಟಿಕೊಂಡ. ಕಾಲಂ ತುಂಬಿ, ಕಪಾಟಿನ ಬೀಗ ತೆಗೆದೆ.

ಜೋಡಿಸಿದ ದಿನ ಅವನು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಹೆಬ್ಬೆರಳಿನ ಬುಡದ ಆ ನುಣುಪನ್ನು ಬೆರಳಿನಿಂದ ಸವರಿ, ಇದರಲ್ಲಿ ಮೊದಲು ಯಾರಾದರೂ ನಡೆದಿದ್ದಾರಾ ಎಂದು ಕೇಳಿದ.

“ನಡೆದಿಲ್ಲ,” ಎಂದೆ. “ನಿಂತಿದ್ದರು.”